ತಿಂಡಿ ಮುಗಿದಿತ್ತು, ಊಟ ಶುರುವಾಗಿರಲಿಲ್ಲ, ಬಾಗಿಲು ಮಾತ್ರ ತೆರೆದಿತ್ತು

ಕೈಯಲ್ಲಿ ಹಿಡಿದು ಓದುತ್ತಿರುವ ಮೆನುವನ್ನು ಎಳೆದುಕೊಳ್ಳುವುದು ಯಾವ ಸೀಮೆ ಮರ್ಯಾದೆ ರೀ? ಅದೂ ಅಮ್ಮನ ಕೈಯಿಂದ! ಇವತ್ತು ಬೆಳಿಗ್ಗೆ ಮನೆಮಂದಿಯೆಲ್ಲ ಒಂದು ಹೋಟೆಲ್‌ಗೆ ತಿಂಡಿಗೆ ಹೋಗಿದ್ದೆವು, ಅಲ್ಲಿ ನಡೆದದ್ದಿದು. ಮನೆಗೆ ಬಂದು ಏನೋ ಒಂದು ಬೇಯಿಸಿ ಎಲ್ಲರಿಗೂ ಹಾಕಿದ್ದಾಯಿತು. ತಿಂದರು, ಮಲಗಿದರು. ನನಗೊಬ್ಬಳಿಗೇ ನಿದ್ದೆ ಬರುತ್ತಿಲ್ಲ. ಬರೆಯದೆ ಇದ್ದರೆ ತಲೆ ಸಿಡಿದು ಹೋಗುತ್ತದೆ.

ಭಾವ ಗಾಡಿ ನಿಲ್ಲಿಸೋಕೆ ಜಾಗ ಸಿಗದೆ ಸುತ್ತು ಹೊಡೆಯುತ್ತಿದ್ದದ್ದು ಇರಲಿ. ‘ಎಲ್ಲರೂ ಬಂದಮೇಲೆ ಟೇಬಲ್’ ಅಂತ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿದ್ದೂ ಇರಲಿ. ಭಾವ ಬರುವ ತನಕ ಒಳಗೆ ಮೂರು ಟೇಬಲ್ ಖಾಲಿ ಬಿದ್ದಿದ್ದವು. ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವಳದು ತಿಂಡಿಗೆ ಮುಂಚೆ ತೆಗೆದುಕೊಳ್ಳುವ ಶುಗರ್ ಮಾತ್ರೆ. ಮಾತ್ರೆ ನುಂಗಿಯಾಗಿತ್ತು. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಶುಗರ್ ಮನೆಯಲ್ಲಿ ಇರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೂ ಕೂರಿಸಿದರು. ಮೆನು ಕೊಟ್ಟರು. ಅವರೇ ಕೊಟ್ಟಿದ್ದು, ನಾವು ಕೇಳಿದ್ದಲ್ಲ. ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡಳು. ಮೇಲಿಂದ ಒಂದೊಂದೇ ಸಾಲು ಬೆರಳಿಟ್ಟು ಓದುತ್ತಾ ಹೋದಳು. ಅವಳು ಓದುವುದೇ ಹಾಗೆ. ಆ ಹುಡುಗ ಬಂದ. ‘ಮೇಡಂ, ಇದು ಕ್ಲೋಸ್’ ಅಂದವನೇ ಮೆನುವಿನ ಮೇಲಂಚು ಹಿಡಿದ. ಅಮ್ಮನಿಗೆ ಅರ್ಥವಾಗಲಿಲ್ಲ. ಪುಟ ತಿರುಗಿಸಿ ಕೊಡುತ್ತಾನೆ ಅಂದುಕೊಂಡು ಬಿಡದೆ ಹಿಡಿದುಕೊಂಡಳು. ಅವನು ಎಳೆದ. ಇವಳು ಬಿಡಲಿಲ್ಲ. ಒಂದು ಕ್ಷಣ ಇಬ್ಬರೂ ಹಿಡಿದುಕೊಂಡೇ ಇದ್ದರು. ಪಕ್ಕದ ಟೇಬಲ್‌ನವರು ತಿನ್ನುವುದು ನಿಲ್ಲಿಸಿ ನೋಡಿದರು. ಆಮೇಲೆ ಅವನು ಸ್ವಲ್ಪ ಜೋರಾಗಿಯೇ ಎಳೆದ. ಬಂತು. ಆಗ ಅಮ್ಮ ಏನು ಹೇಳಿದಳು ಗೊತ್ತಾ?

‘ಸಾರಿ ಕಣಪ್ಪ.’

ಅಮ್ಮ ಸಾರಿ ಕೇಳಿದಳು! ಅವನಿಗೆ! ನನಗೆ ಮೈಯೆಲ್ಲ ಉರಿದು ಹೋಯಿತು. ಆದರೆ ಬಾಯಿಂದ ಬಂದಿದ್ದು ‘ಹಾಗಾದರೆ ಬ್ರಂಚ್ ಕೊಡಿ’ ಅನ್ನುವ ಪೆಚ್ಚು ಮಾತು. ಬ್ರಂಚ್ ಮೊದಲೇ ಬುಕ್ ಮಾಡಿದವರಿಗೆ ಮಾತ್ರವಂತೆ. ಊಟ? ಇನ್ನೂ ಮುಕ್ಕಾಲು ಗಂಟೆ ಆಗುತ್ತಂತೆ. ಮತ್ತೆ ನಮ್ಮನ್ನು ಕೂರಿಸಿದ್ದು ಯಾಕಪ್ಪಾ ಅಂದೆ. ಅವನು ಕೌಂಟರ್ ಕಡೆ ನೋಡಿದ. ಕೌಂಟರ್‌ನಲ್ಲಿದ್ದವರು ತಮ್ಮ ಫೋನ್ ನೋಡಿಕೊಂಡರು. ಅಷ್ಟೇ ಉತ್ತರ. ನಮ್ಮ ತಲೆಯ ಮೇಲೆಯೇ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ‘ತಿಂಡಿ, ಬ್ರಂಚ್, ಊಟ, ದಿನವಿಡೀ.’

ದಿನವಿಡೀ!

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಇದೆ. ಇಲ್ಲ, ಅವನ ಮೇಲಲ್ಲ. ಅವನಿಗೆ ಹೇಳಿದಷ್ಟು ಮಾಡಿದ. ಅಡುಗೆಮನೆ ಕಷ್ಟವೂ ನನಗೆ ಗೊತ್ತು. ಅದೇ ಒಲೆ, ಅದೇ ಕಾವಲಿ, ಅದೇ ನಾಲ್ಕು ಜನ. ಬೆಳಗಿನದನ್ನು ಒರೆಸಿ ತೆಗೆದ ಹೊರತು ಮಧ್ಯಾಹ್ನದ್ದು ಏರುವುದಿಲ್ಲ. ತಿಂಡಿಯ ಬಿಲ್ಲು ಚಿಕ್ಕದು, ಕೂರುವವರು ಮಾತ್ರ ಜಾಸ್ತಿ ಹೊತ್ತು ಕೂರುತ್ತಾರೆ, ಹಾಗಾಗಿ ಬೇಗ ಎಬ್ಬಿಸುವ ಆತುರ. ಎಲ್ಲ ಒಪ್ಪಿದೆ. ನಿಲ್ಲಿಸಿ, ಬೇಡ ಅಂದವರು ಯಾರು? ಎಷ್ಟು ಗಂಟೆಗೆ ನಿಲ್ಲಿಸುತ್ತೀರಿ ಅಂತ ಬಾಗಿಲಲ್ಲಿ ಒಂದು ಚೀಟಿ ಅಂಟಿಸೋಕೆ ಏನು ರೋಗ?

ಫೋನ್‌ನಲ್ಲಿ ನೋಡಿಕೊಂಡು ಹೋಗಬಾರದಿತ್ತಾ ಅಂತ ಬುದ್ಧಿ ಹೇಳುವವರಿಗೆ ಒಂದು ಮಾತು. ನೋಡಿಕೊಂಡೇ ಹೋಗಿದ್ದು. ‘ಓಪನ್’ ಅಂತ ಹಸಿರು ಅಕ್ಷರದಲ್ಲಿ ಇತ್ತು. ಅದು ಸುಳ್ಳೂ ಅಲ್ಲ. ಬಾಗಿಲು ಓಪನ್, ಫ್ಯಾನ್ ಓಪನ್, ಕೌಂಟರ್ ಓಪನ್. ಅಡುಗೆಮನೆ ಒಂದು ಬಿಟ್ಟು. ಗೂಗಲ್ ಮ್ಯಾಪ್‌ನಲ್ಲಿ ತಿಂಡಿಯ ಸಮಯ, ಬ್ರಂಚ್‌ನ ಸಮಯ, ಅಡುಗೆಮನೆಯ ಸಮಯ ಅಂತ ಬೇರೆ ಬೇರೆ ಹಾಕೋಕೆ ಹೋಟೆಲ್‌ನವರಿಗೆ ಅವಕಾಶ ಇದೆ. ಎಷ್ಟು ಜನ ತುಂಬುತ್ತಾರೆ? ನನ್ನ ಕಣ್ಣಿಗಂತೂ ಬೀಳುವುದೇ ಅಪರೂಪ. ಬಣ್ಣಬಣ್ಣದ ದೀಪದ ಫೋಟೋ ಹಾಕೋಕೆ ಪುರುಸೊತ್ತಿದೆ, ಇದಕ್ಕಿಲ್ಲ.

ಇನ್ನು ಆ ಸ್ಟಾರ್‌ಗಳು. ಗೂಗಲ್‌ನಲ್ಲಿ ಐದಕ್ಕೆ 4.6 ಇತ್ತು. ನಾಲ್ಕೂ ಚಿಲ್ಲರೆ ಅಂದರೆ ಸಾಮಾನ್ಯವಾ? ಮನೆಗೆ ಬಂದಮೇಲೆ ಒಂದೊಂದೇ ತೆಗೆದು ಓದಿದೆ. ಹೊಗಳಿದವರೆಲ್ಲ ರಾತ್ರಿ ಊಟಕ್ಕೆ ಹೋದವರು! ಹುಟ್ಟುಹಬ್ಬ, ಆಫೀಸ್ ಪಾರ್ಟಿ. ಬೆಳಗಿನ ಹೊತ್ತು ಹೋದವರ ಮಾತು ಕೆಳಗೆಲ್ಲೋ ಹೂತಿತ್ತು, ಅದರಲ್ಲಿ ಒಬ್ಬರು ನಮ್ಮ ಕಥೆಯನ್ನೇ ಬರೆದಿದ್ದರು. ರಾತ್ರಿಯದನ್ನೂ ಬೆಳಗಿನದನ್ನೂ, ವರ್ಷಗಟ್ಟಲೆ ಹಳೆಯದನ್ನೂ ನಿನ್ನೆಯದನ್ನೂ ಒಟ್ಟಿಗೆ ಕೂಡಿಸಿ ಭಾಗಿಸಿದರೆ ಬರುವ ಸಂಖ್ಯೆ ಯಾರ ಹೊಟ್ಟೆ ತುಂಬಿಸುತ್ತದೆ? ಆಗಿನ ಅಡುಗೆಯವನು ಈಗ ಇದ್ದಾನೋ ಬಿಟ್ಟು ಹೋದನೋ, ಅವನಿಗೆ ಸಿಕ್ಕ ಸ್ಟಾರ್ ಮಾತ್ರ ಅಲ್ಲೇ ಕೂತಿದೆ.

ಈಗ ನಗಬೇಡಿ. ನಮ್ಮ ಮನೆಯಲ್ಲಿ ‘ಹೋಟೆಲ್ ಹುಡುಕುವ ಇಲಾಖೆ’ ನಾನೇ. ನನ್ನ ಫೋನ್‌ನಲ್ಲಿ ಪಟ್ಟಿ ಇದೆ. ಕೂರೋಕೆ ಬೆನ್ನಿರುವ ಕುರ್ಚಿ ಇದೆಯಾ, ಮೆಟ್ಟಿಲು ಎಷ್ಟು, ಕಕ್ಕಸು ಒಳಗಾ ಹೊರಗಾ, ಎಲ್ಲ ಬರೆದಿಟ್ಟಿದ್ದೇನೆ. ಕಂಪನಿ ಕೆಲಸಕ್ಕೂ ಇಷ್ಟು ಶ್ರದ್ಧೆ ತೋರಿಸಿದವಳಲ್ಲ ಈ ಮಹಾತಾಯಿ. ನಿನ್ನೆ ರಾತ್ರಿ ಗ್ರೂಪ್‌ನಲ್ಲಿ ಜಂಬದಿಂದ ‘ಸೂಪರ್ ಜಾಗ ಸಿಕ್ಕಿದೆ, ಎಲ್ಲರೂ ಹಸಿದುಕೊಂಡು ಬನ್ನಿ’ ಅಂತ ಹಾಕಿದ್ದೆ. ಹಸಿದುಕೊಂಡೇ ಬಂದರು, ಹಸಿದುಕೊಂಡೇ ಹೋದರು. ವಾಪಸ್ ಬರುವಾಗ ಕಾರಿನಲ್ಲಿ ಅಕ್ಕ ಒಂದೇ ಮಾತು ಹೇಳಿದ್ದು. ‘ನೀನೇ ತಾನೇ ಹುಡುಕಿದ್ದು?’ ಆಮೇಲೆ ಕಿಟಕಿ ಆಚೆ ನೋಡಿದಳು. ಅದಕ್ಕಿಂತ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ಹೊರಡುವಾಗ ಬಾಗಿಲ ಹತ್ತಿರ ಇನ್ನೊಬ್ಬ ಹುಡುಗಿ ನಗುತ್ತಾ ಒಂದು ಕಾರ್ಡ್ ಚಾಚಿದಳು. ಅದರಲ್ಲಿ ಕ್ಯೂಆರ್ ಕೋಡ್. ‘ಐದು ಸ್ಟಾರ್ ಕೊಡಿ ಮೇಡಂ, ಮುಂದಿನ ಸಲ ಬಂದಾಗ ಡಿಸ್ಕೌಂಟ್ ಇದೆ.’ ನೀರು ಬಿಟ್ಟು ಏನೂ ಕೊಡದೆ ಐದು ಸ್ಟಾರ್! ಆಗ ಹೊಳೆಯಿತು 4.6 ಎಲ್ಲಿಂದ ಬಂತು ಅಂತ. ಹೀಗೆ ಆಸೆ ತೋರಿಸಿ ರಿವ್ಯೂ ಬರೆಸುವುದು ಗೂಗಲ್‌ನ ನಿಯಮಕ್ಕೇ ವಿರುದ್ಧ. ಅಮೆರಿಕದಲ್ಲಿ ಸುಳ್ಳು ರಿವ್ಯೂಗಳನ್ನೂ, ಹೊಗಳಿಕೆಯ ಷರತ್ತಿನ ಮೇಲೆ ದುಡ್ಡೋ ಉಡುಗೊರೆಯೋ ಕೊಟ್ಟು ಬರೆಸಿದ್ದನ್ನೂ 2024ರಲ್ಲಿ ನಿಯಮ ತಂದು ನಿಷೇಧಿಸಿದ್ದಾರೆ. ನಿಯಮ ಬಂತು ಅಂತ ನಾಳೆಯಿಂದ ಎಲ್ಲರೂ ಹರಿಶ್ಚಂದ್ರರಾಗುತ್ತಾರಾ? ಲಂಡನ್‌ನಲ್ಲಿ ಒಬ್ಬ ಪತ್ರಕರ್ತ ತನ್ನ ಹಿತ್ತಲಿನ ಶೆಡ್ಡನ್ನೇ ಹೋಟೆಲ್ ಅಂತ ಟ್ರಿಪ್‌ಅಡ್ವೈಸರ್ ಅನ್ನುವ ರಿವ್ಯೂ ಜಾಲತಾಣದಲ್ಲಿ ಹಾಕಿದ್ದ. ಗೆಳೆಯರಿಂದ ರಿವ್ಯೂ ಬರೆಸಿದ, ಶೇವಿಂಗ್ ಫೋಮ್ ಬಳಸಿ ‘ತಿನಿಸಿನ’ ಫೋಟೋ ತೆಗೆದ. 2017ರಲ್ಲಿ ಅದು ಆ ಊರಿಗೇ ನಂಬರ್ ಒನ್ ಆಯಿತು. ಒಬ್ಬರೂ ಒಂದು ತುತ್ತು ತಿಂದಿರಲಿಲ್ಲ. ನಮ್ಮ ಹಾಗೆಯೇ.

ಸ್ಟಾರ್ ಅಂದರೆ ದುಡ್ಡು, ಅದಕ್ಕೇ ಈ ಆಟ. ಆಗ ಹಾರ್ವರ್ಡ್‌ನಲ್ಲಿದ್ದ ಮೈಕೆಲ್ ಲೂಕಾ ಅನ್ನುವವರು ಅಮೆರಿಕದ ಸಿಯಾಟಲ್‌ನ ಹೋಟೆಲ್‌ಗಳ ಲೆಕ್ಕ ತೆಗೆದು 2011ರಲ್ಲೇ ಬರೆದಿದ್ದಾರೆ. ಯೆಲ್ಪ್ ಅನ್ನುವ ಅಲ್ಲಿನ ರಿವ್ಯೂ ಜಾಲತಾಣದಲ್ಲಿ ಒಂದು ಸ್ಟಾರ್ ಏರಿದರೆ ಆದಾಯ ಶೇಕಡಾ 5ರಿಂದ 9ರಷ್ಟು ಏರುತ್ತದಂತೆ. ಆ ಏರಿಕೆ ಕಾಣುವುದು ಒಂದೇ ಹೆಸರಲ್ಲಿ ಊರೂರಲ್ಲೂ ಇರುವ ಚೈನ್ ಹೋಟೆಲ್‌ಗಳಲ್ಲಿ ಅಲ್ಲ, ನಾವು ಹುಡುಕಿಕೊಂಡು ಹೋಗುವ ಇಂಥ ಸ್ವಂತ ಹೋಟೆಲ್‌ಗಳಲ್ಲಿ.

ನಾನು ಆ ಕಾರ್ಡ್ ತೆಗೆದುಕೊಂಡೆ. ಹೌದು, ತೆಗೆದುಕೊಂಡೆ, ಥ್ಯಾಂಕ್ಯೂ ಅಂತಲೂ ಅಂದೆ. ಅಮ್ಮನ ಮಗಳೇ ತಾನೇ.

ಒಂದು ಸ್ಟಾರ್ ಕೊಟ್ಟು ಉದ್ದಕ್ಕೆ ಬರೆಯೋಣ ಅಂತ ಕೂತೆ. ಬರೆದೆ, ಅಳಿಸಿದೆ. ಬರೆದರೆ ಬೈಸಿಕೊಳ್ಳುವುದು ಆ ಹುಡುಗ. ಬರೆಯದಿದ್ದರೆ ಮುಂದಿನ ವಾರ ಇನ್ನೊಬ್ಬರ ಅಮ್ಮ. ಏನಾದರೂ ಮಾಡಿಕೊಂಡು ಸಾಯಲಿ, ಇನ್ನು ಮೇಲೆ ತಿಂಡಿಗೆ ಹೊರಗೆ ಹೋಗುವುದೇ ಇಲ್ಲ ಅಂತ ತೀರ್ಮಾನ ಮಾಡಿದೆ. ಅಷ್ಟರಲ್ಲಿ ಗ್ರೂಪ್‌ನಲ್ಲಿ ದೊಡ್ಡಪ್ಪನ ಮೆಸೇಜ್. ಭಾನುವಾರ ಬರುತ್ತಾರಂತೆ, ಬೆಳಿಗ್ಗೆ ಎಲ್ಲಾದರೂ ಒಳ್ಳೆ ಕಡೆ ಹೋಗೋಣ ಅಂತಾರೆ. ಅಕ್ಕ ಆಗಲೇ ನನ್ನ ಹೆಸರು ಟ್ಯಾಗ್ ಮಾಡಿ ಒಂದು ನಗು ಹಾಕಿದ್ದಾಳೆ.

ಆದ್ದರಿಂದ ಬೆಳಗಿನ ತಿಂಡಿಗೆ ಎಲ್ಲಿಗೆ ಹೋಗೋದು ಅಂತ ಯಾರಾದರೂ ಉತ್ತರ ಕೊಡಿ. ಸ್ಟಾರ್ ಬೇಡ, ದೀಪದ ಫೋಟೋ ಬೇಡ. ಫೋನ್ ಮಾಡಿದರೆ ಎತ್ತುವವರು ಬೇಕು. ‘ಕೊನೇ ಆರ್ಡರ್ ಎಷ್ಟು ಹೊತ್ತಿಗೆ?’ ಅಂತ ಕೇಳಿದರೆ ಇಷ್ಟು ಗಂಟೆಗೆ ಅಂತ ಹೇಳಿ ಆ ಮಾತಿಗೆ ನಿಲ್ಲುವವರು ಬೇಕು. ವಯಸ್ಸಾದವರನ್ನು ಮೊದಲು ಕೂರಿಸುವವರು. ನೀವು ಬೆಳಗಿನ ಹೊತ್ತೇ ಹೋಗಿ ತಿಂದಿದ್ದರೆ ಮಾತ್ರ ಹೇಳಿ. ಮೂರು ವರ್ಷದ ಹಿಂದೆ ಚೆನ್ನಾಗಿತ್ತು ಅನ್ನುವವರು ದಯವಿಟ್ಟು ಸುಮ್ನೆ ಇರಿ.