ಬಲಕ್ಕೆ ತಿರುವು, ಬಹುಶಃ

ನಿನ್ನೆ ರಾತ್ರಿ ಊಟವಾಗಿ, ಮನೆಮಂದಿಯೆಲ್ಲ ತಮ್ಮ ತಮ್ಮ ಫೋನಿನೊಳಗೆ ಇಳಿದುಹೋದ ಮೇಲೆ, ನಾನು ಟಿವಿಗೆ ಜೋಡಿಸಿ ಆಡುವ ನನ್ನ ಹಳೆಯ ವಿಡಿಯೋ ಗೇಮ್ ಯಂತ್ರ ಸೆಗಾ ಸ್ಯಾಟರ್ನ್ ಕನ್ಸೋಲನ್ನು ಆನ್ ಮಾಡಿ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತೆ. ಆಟ ಶುರುವಾಗಲಿಲ್ಲ. ನಿಮ್ಮ ಭಾಷೆ ಯಾವುದು ಎಂದು ಯಂತ್ರ ಕೇಳಿತು. ಹೇಳಿದ ಮೇಲೆ ಈ ದಿನ ಯಾವ ತಾರೀಖು, ಈಗ ಗಂಟೆ ಎಷ್ಟು ಎಂದೂ ಕೇಳಿತು. ಪ್ರಜ್ಞೆ ತಪ್ಪಿ ಎದ್ದವರು ಕೇಳುವಂಥ ಪ್ರಶ್ನೆಗಳಿವು. ಈ ಯಂತ್ರವನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಳಗಿದ್ದ ಸಿಆರ್2032 ಎಂಬ ಚಪ್ಪಟೆ ಸೆಲ್ ಪ್ರಾಣ ಬಿಟ್ಟಿದೆ, ಹೋಗುವಾಗ ನಾವು ಉಳಿಸಿಟ್ಟಿದ್ದನ್ನೆಲ್ಲ ಜೊತೆಗೇ ಕೊಂಡೊಯ್ದಿದೆ.

ತಪ್ಪು ಯಂತ್ರದ್ದಲ್ಲ. ಆ ಸೆಲ್ ಬದಲಿಸಲು ಸ್ಕ್ರೂ ಬಿಚ್ಚಬೇಕಾಗಿಲ್ಲ, ಹಿಂಬದಿಯ ಪುಟ್ಟ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದರೆ ಸಾಕು. ಅಷ್ಟು ಸುಲಭದ ಕೆಲಸವಾದ್ದರಿಂದಲೇ ನಾನು ಅದನ್ನು ಎರಡು ವರ್ಷಗಳಿಂದ ನಾಳೆಗೆ ತಳ್ಳುತ್ತ ಬಂದಿದ್ದೆ. ಕಷ್ಟದ ಕೆಲಸವಾಗಿದ್ದರೆ ಯಾರಿಗಾದರೂ ಹೇಳಿ ಎಂದೋ ಮಾಡಿಸಿಬಿಡುತ್ತಿದ್ದೆ.

ಹೋದದ್ದಾದರೂ ಏನು ಎಂದು ನನ್ನ ಹೆಂಡತಿ ಕೇಳಿದಳು. ಹೋದದ್ದು ಒಂದು ಕಾರು. ಸೆಗಾ ರ‍್ಯಾಲಿ ಚಾಂಪಿಯನ್‌ಶಿಪ್ 1995ರಲ್ಲಿ ಈ ಕನ್ಸೋಲಿಗೆ ಬಂದ ಕಾರ್ ರೇಸಿನ ಆಟ. ಅದರಲ್ಲಿ ಮೊದಲಿಗೆ ಸಿಗುವುದು ಎರಡೇ ಕಾರುಗಳು, ಟೊಯೋಟ ಸೆಲಿಕಾ ಮತ್ತು ಲಾನ್ಸಿಯಾ ಡೆಲ್ಟಾ. ಹದಿನೈದನೆಯ ಸ್ಥಾನದಿಂದ ಹೊರಟು, ಮರುಭೂಮಿ, ಕಾಡು, ಬೆಟ್ಟ ಎಂಬ ಮೂರು ದಾರಿಗಳಲ್ಲಿ ಮುಂದಿನ ಹದಿನಾಲ್ಕು ಮಂದಿಯನ್ನೂ ಹಿಂದಿಕ್ಕಿದರೆ ಮಾತ್ರ ಸರೋವರದ ದಂಡೆಯ ನಾಲ್ಕನೆಯ ದಾರಿ ತೆರೆದುಕೊಳ್ಳುತ್ತದೆ. ಅಲ್ಲಿಯೂ ಮೊದಲಿಗರಾದರೆ ಲಾನ್ಸಿಯಾ ಸ್ಟ್ರಾಟೋಸ್ ಎಂಬ ಮೂರನೆಯ ಕಾರು ದಕ್ಕುತ್ತದೆ. ನಿಜಲೋಕದಲ್ಲಿ 1974ರಿಂದ 1976ರವರೆಗೆ ಸತತ ಮೂರು ವರ್ಷ ವಿಶ್ವ ರ‍್ಯಾಲಿ ಪ್ರಶಸ್ತಿಯನ್ನು ತನ್ನ ಕಂಪನಿಗೆ ಗೆದ್ದುಕೊಟ್ಟ ಕಾರು ಅದು. ನನ್ನ ಬಳಿ ಅದು ಹನ್ನೊಂದು ದಿನ ಇತ್ತು. ಇದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ ಅವಳು, "ಅಂದರೆ ಏನೂ ಹೋಗಲಿಲ್ಲ" ಎಂದು ಹೇಳಿ ಮತ್ತೆ ಫೋನಿಗೆ ಮರಳಿದಳು.

ಆ ಕಾರನ್ನು ಪಡೆಯಲು ನಾನು ಪಟ್ಟ ಪಾಡು ಅವಳಿಗೆ ತಿಳಿಯದ್ದಲ್ಲ. ಮೊದಲನೆಯದಾಗಿ ನಮ್ಮ ಹೊಸ ಟಿವಿಗೂ ಈ ಹಳೆಯ ಯಂತ್ರಕ್ಕೂ ಮಾತುಕತೆಯೇ ಇಲ್ಲ. ಕೆಂಪು, ಬಿಳಿ, ಹಳದಿ ಮೂತಿಗಳ ಕೇಬಲ್ ಹಿಡಿದು ಟಿವಿಯ ಹಿಂದೆ ತಲೆ ತೂರಿಸಿ ಹುಡುಕಿದರೆ ಅಲ್ಲಿ ಹಳದಿ ತೂತೇ ಇರಲಿಲ್ಲ, ಹಸಿರು ಇತ್ತು. ಬಣ್ಣದ ವಿಷಯದಲ್ಲಿ ಹಟ ಬೇಡವೆಂದು ಹಳದಿಯನ್ನು ಹಸಿರಿಗೇ ಚುಚ್ಚಿದೆ. ಚಿತ್ರ ಬಂತು, ಆದರೆ ಕಪ್ಪುಬಿಳುಪಿನಲ್ಲಿ. ಆಟದ ಎರಡೂ ಕಾರುಗಳ ಮೈಬಣ್ಣ ಬಿಳಿಯೇ ಆದ್ದರಿಂದ, ಮರುಭೂಮಿಯಲ್ಲಿ ಅರ್ಧ ದಾರಿ ಸವೆಸುವವರೆಗೂ ನಾನು ಕಣ್ಣಿನ ಡಾಕ್ಟರನ್ನು ಕಾಣಬೇಕೆಂದೇ ಯೋಚಿಸುತ್ತಿದ್ದೆ. ಟಿವಿಯ ಸೆಟ್ಟಿಂಗಿನಲ್ಲಿ ಇನ್‌ಪುಟ್ ಬದಲಿಸಿದಾಗ ಬಣ್ಣವೇನೋ ಬಂತು. ಆದರೆ ಹೊತ್ತು ಕೆಟ್ಟಿತು. ಹಳೆಯ ಟ್ಯೂಬ್ ಟಿವಿ ಕೇಬಲ್ಲಿನಲ್ಲಿ ಬಂದದ್ದನ್ನು ಬಂದ ಹಾಗೆಯೇ ತೋರಿಸುತ್ತಿತ್ತು. ಈ ಹೊಸದು ಪ್ರತಿ ಚಿತ್ರವನ್ನೂ ತಡೆದು ನಿಲ್ಲಿಸಿ, ಹಿಗ್ಗಿಸಿ, ನಯಮಾಡಿ, ಆಮೇಲೆ ಪರದೆಗೆ ಬಿಡುತ್ತದೆ. ನಾನು ಎಡಕ್ಕೆ ಒತ್ತಿದ್ದನ್ನು ಕಾರು ಒಂದಿಷ್ಟು ಯೋಚಿಸಿ ಒಪ್ಪಿಕೊಳ್ಳುವಷ್ಟರಲ್ಲಿ ಗೋಡೆ ಬಂದಿರುತ್ತದೆ. ಗೇಮ್ ಮೋಡ್ ಎಂಬುದನ್ನು ಹಾಕಿದ ಮೇಲೆ ಕಾರಿನ ಯೋಚನೆ ಸ್ವಲ್ಪ ಚುರುಕಾಯಿತು.

ಟಿವಿಯನ್ನಾದರೂ ಕ್ಷಮಿಸಿಯೇನು; ನನ್ನ ಪಕ್ಕದ ಸೀಟಿನಲ್ಲಿ ಕುಳಿತ ಮಹಾನುಭಾವನನ್ನು ಮಾತ್ರ ಕ್ಷಮಿಸಲಾರೆ. ರ‍್ಯಾಲಿಯಲ್ಲಿ ಚಾಲಕನ ಪಕ್ಕದಲ್ಲಿ ಸಹಚಾಲಕನೊಬ್ಬನಿರುತ್ತಾನೆ. ಮೊದಲೇ ದಾರಿಯನ್ನು ನೋಡಿ ಬರೆದುಕೊಂಡ ಟಿಪ್ಪಣಿಯನ್ನು ಓದಿ, ಮುಂದಿನ ತಿರುವು ಎಂಥದ್ದೆಂದು ಎಚ್ಚರಿಸುವುದೊಂದೇ ಅವನ ಕೆಲಸ. ಸ್ಟಿಯರಿಂಗ್ ಅವನದಲ್ಲ, ಬ್ರೇಕ್ ಅವನದಲ್ಲ, ಕಾರು ಗೋಡೆಗೆ ಬಡಿದರೆ ಹೊಣೆಯೂ ಅವನದಲ್ಲ. ಇಷ್ಟು ಹಗುರವಾದ ಉದ್ಯೋಗದಲ್ಲಿರುವ ಈ ಮನುಷ್ಯ, ನಾನು ಕೆಸರೆರಚುತ್ತ ಶರವೇಗದಲ್ಲಿ ಧಾವಿಸುತ್ತಿರುವಾಗ, "ಲಾಂಗ್ ಈಸಿ ರೈಟ್" ಎನ್ನುತ್ತಾನೆ. ಸರಿ, ಬಲಕ್ಕೆ ಉದ್ದನೆಯ ಸುಲಭದ ತಿರುವು ಎಂದು ನಾನು ಆಕ್ಸಿಲರೇಟರ್ ಬಿಡದೆ ನುಗ್ಗುತ್ತೇನೆ. ಆಗ ಅವನು ಅರೆಗಳಿಗೆ ತಡೆದು, ಅದೇ ತಣ್ಣನೆಯ ದನಿಯಲ್ಲಿ, "ಮೇ ಬಿ" ಎಂದು ಸೇರಿಸುತ್ತಾನೆ.

ಬಹುಶಃ! ದಾರಿಯನ್ನು ಬಲ್ಲವನೆಂದು ಕೂರಿಸಿಕೊಂಡವನು ಹೇಳುವ ಮಾತೇ ಇದು? ಯಾವುದು ಬಹುಶಃ? ತಿರುವು ಸುಲಭವಾಗಿರುವುದೋ, ಅದು ಬಲಕ್ಕಿರುವುದೋ, ಅಲ್ಲಿ ತಿರುವೆಂಬುದು ಇರುವುದೋ? ನಿಜವಾದ ರ‍್ಯಾಲಿಯ ಟಿಪ್ಪಣಿಗಳಲ್ಲಿಯೂ ಈ ಪದ ಇದೆ, ಈ ವೇಗದಲ್ಲಿ ಹೋದರೆ ಕಾರು ದಾರಿಯಲ್ಲಿ ಉಳಿದರೂ ಉಳಿದೀತು, ಹುಷಾರು ಎಂಬ ಅರ್ಥದಲ್ಲಿ ಅದನ್ನು ಬಳಸುತ್ತಾರೆ ಎಂಬುದು ನನಗೆ ಗೊತ್ತು. ಗೊತ್ತಿದ್ದರೂ ಸಿಟ್ಟು ಇಳಿಯುವುದಿಲ್ಲ. ಹುಷಾರೆನ್ನುವವನು ಗೋಡೆಗಿಂತ ಮೊದಲು ಹೇಳಬೇಕು. ಬಡಿದ ಮೇಲಾದರೂ ಅವನ ದನಿಯಲ್ಲೊಂದು ಸಣ್ಣ ಮರುಕ, ಒಂದು "ಅಯ್ಯೋ" ಬೇಡವೇ? ನಾನು ಹಿಂದಕ್ಕೂ ಮುಂದಕ್ಕೂ ಹೆಣಗಿ, ನನ್ನನ್ನು ದಾಟಿ ಹೋದ ಮೂವರ ಧೂಳು ಕುಡಿದು ಮತ್ತೆ ದಾರಿಗೆ ಬರುವ ಹೊತ್ತಿಗೆ, ಅವನು ಏನೂ ಆಗದವನಂತೆ ಮುಂದಿನ ತಿರುವನ್ನು ಓದುತ್ತಿರುತ್ತಾನೆ. ಸಾಲ ಪಡೆದು ತಲೆ ಮರೆಸಿಕೊಂಡವರು ಎದುರಿಗೆ ಸಿಕ್ಕಾಗ ಹವಾಮಾನದ ಬಗ್ಗೆ ಮಾತಾಡುವುದು ಇದೇ ದನಿಯಲ್ಲಿ.

ಹತ್ತು ವರ್ಷದ ನನ್ನ ಮಗಳು ಒಂದು ಸಂಜೆ ಇದನ್ನೆಲ್ಲ ನೋಡುತ್ತ ಕುಳಿತಿದ್ದವಳು, "ಅಪ್ಪಾ, ಆ ಅಂಕಲ್‌ಗೆ ದಾರಿ ಗೊತ್ತಿಲ್ವಾ?" ಎಂದು ಕೇಳಿದಳು. ಗೊತ್ತಿದೆ ಎಂದೆ. "ಮತ್ತೆ ನಿಂಗೆ ಯಾಕೆ ಹೇಳಲ್ಲ? ಇಳಿಸಿಬಿಡು ಅವರನ್ನ" ಎಂದಳು. ನನ್ನ ಹೆಂಡತಿಗಂತೂ ಆ ಪದ ವರವಾಗಿ ಒದಗಿತು. ಅಂದಿನಿಂದ ಅವಳು ಹೊರಗೆ ಹೊರಟಾಗ ಬಾಗಿಲಲ್ಲಿ ನಿಂತು, "ರೀ, ಗೀಸರ್ ಆಫ್ ಮಾಡಿದೀನಿ" ಎಂದು ಹೇಳಿ, ಎರಡು ಮೆಟ್ಟಿಲು ಇಳಿದು, ತಿರುಗಿಯೂ ನೋಡದೆ, "ಬಹುಶಃ" ಎನ್ನುತ್ತಾಳೆ. ನಾನು ಎದ್ದು ಹೋಗಿ ನೋಡಿ ಬರಬೇಕು. ಅಷ್ಟರಲ್ಲಿ ಸಮಯ ಮೀರಿ, ಟಿವಿಯಿಂದ ಆಟ ಮುಗಿಯಿತೆಂದು ಹಾಡಿ ಹೇಳುವ ದನಿ ಕೇಳಿಸುತ್ತದೆ. ಸೋಲನ್ನು ಅಷ್ಟು ಖುಷಿಯಿಂದ, ಅಷ್ಟು ರಾಗವಾಗಿ ಸಾರುವುದನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಇಂತಹ ಜೊತೆಗಾರನನ್ನು ಕಟ್ಟಿಕೊಂಡು, ಮೂರು ವಾರ ಹೆಬ್ಬೆರಳು ಸವೆಸಿ ಗಳಿಸಿದ ಕಾರು ಈಗ ಗುಂಡಿಯಷ್ಟು ದೊಡ್ಡ ಸೆಲ್ಲಿನೊಂದಿಗೆ ಹೋಗಿತ್ತು. ಮನೆಯ ಡ್ರಾಯರುಗಳನ್ನೆಲ್ಲ ಜಾಲಾಡಿದೆ. ಉದ್ದನೆಯ ಸೆಲ್ಲುಗಳು ಹಿಡಿಯಷ್ಟು ಸಿಕ್ಕವು, ಚಪ್ಪಟೆಯದು ಒಂದೂ ಸಿಗಲಿಲ್ಲ. ಕೊನೆಗೆ ಒಂದು ಕಡೆ ಸಿಕ್ಕಿತು. ಎಲ್ಲಿ ಎಂಬುದು ಆಗ ಅಷ್ಟು ಮುಖ್ಯವೆನಿಸಲಿಲ್ಲ.

ಹೊಸ ಸೆಲ್ ಕೂರಿಸಿ ತಾರೀಖು ತುಂಬಲು ಕುಳಿತೆ. ಯಂತ್ರ ಇನ್ನೂ ತೊಂಬತ್ತರ ದಶಕದಲ್ಲೇ ಇತ್ತು. ಅದನ್ನು ಇವತ್ತಿಗೆ ತರಲು ಬಟನ್ನನ್ನು ಮತ್ತೆ ಮತ್ತೆ ಒತ್ತಬೇಕು, ಒಂದು ಒತ್ತಿಗೆ ಒಂದು ವರ್ಷ. ಕಾಲೇಜು ನಾಲ್ಕು ಒತ್ತಿನಲ್ಲಿ ಮುಗಿಯಿತು. ಕೆಲಸ ಸಿಕ್ಕ ವರ್ಷ ಬಂತು, ಹೋಯಿತು. ಮದುವೆಯ ವರ್ಷದಲ್ಲಿ ಕೊಂಚ ನಿಧಾನಿಸಿ ಪಕ್ಕಕ್ಕೆ ನೋಡಿದೆ, ಅವಳು ಫೋನಿನಲ್ಲಿದ್ದಳು. ಅಪ್ಪ ಹೋದ ವರ್ಷ ಬಂದಾಗ ಹೆಬ್ಬೆರಳು ತಾನಾಗಿಯೇ ನಿಂತಿತು. ಹಿಂದೆ ನಾನು ಇದೇ ಆಟ ಆಡುವಾಗ ಅವರು ನನ್ನ ಬೆನ್ನ ಹಿಂದಿನ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದರು, ಅಥವಾ ಓದುವಂತೆ ಹಿಡಿದಿರುತ್ತಿದ್ದರು. ಕಾರು ಬಲಕ್ಕೆ ತಿರುಗಿದಾಗಲೆಲ್ಲ ಪತ್ರಿಕೆಯೂ ಬಲಕ್ಕೆ ವಾಲುವ ಸದ್ದು ಕೇಳಿಸುತ್ತಿತ್ತು. ಹಿಂತಿರುಗಿ ನೋಡಿದರೆ ನೆಟ್ಟಗೆ ಕುಳಿತು, "ಓದೋದಿಲ್ವೇನೋ ನಿಂಗೆ?" ಎನ್ನುತ್ತಿದ್ದರು. ಆ ವರ್ಷವನ್ನು ದಾಟಿಸಲು ಬೇಕಾದದ್ದೂ ಒಂದೇ ಒತ್ತು.

ಇವತ್ತಿನ ವರ್ಷಕ್ಕೆ ಬಂದು ಮುಟ್ಟುವಾಗ ಮಧ್ಯರಾತ್ರಿಯಾಗಿತ್ತು, ಆದ್ದರಿಂದ ತಾರೀಖನ್ನು ಇನ್ನೊಂದು ಸಲ ತಿದ್ದಬೇಕಾಯಿತು.

ಇವತ್ತು ಭಾನುವಾರ. ಬೆಳಗ್ಗೆ ಎದ್ದವನೇ ಮತ್ತೆ ಹದಿನೈದನೆಯ ಸ್ಥಾನದಿಂದ ಹೊರಟೆ. ಮರುಭೂಮಿ ಚೆನ್ನಾಗಿಯೇ ಕಳೆಯಿತು. ಕಾಡಿನ ದಾರಿಯಲ್ಲಿ ಇಬ್ಬರನ್ನು ಹಿಂದಿಕ್ಕಿ, ಪಕ್ಕದ ಸೀಟಿನವನ ಮಾತಿಗೆ ಕಿವಿಗೊಡದೆ, ಮುಂದಿನ ತಿರುವಿಗೆ ಕಾರನ್ನು ಓರೆಯಾಗಿ ಜಾರಿಸುತ್ತಿದ್ದೆ. ನನ್ನ ಹೆಂಡತಿ ಪ್ರತಿ ಭಾನುವಾರ ಬೆಳಗ್ಗೆ ಸ್ನಾನದ ಮನೆಯ ಹೊರಗಿಟ್ಟಿರುವ ತೂಕದ ಯಂತ್ರದ ಮೇಲೆ ನಿಲ್ಲುತ್ತಾಳೆ. ಅದು ನಡೆಯುವುದೂ ಸಿಆರ್2032 ಸೆಲ್ಲಿನಿಂದಲೇ, ಅಥವಾ ನಿನ್ನೆ ರಾತ್ರಿಯವರೆಗೆ ಹಾಗೆ ನಡೆಯುತ್ತಿತ್ತು. ಒಳಗಿನಿಂದ ಅವಳು ಒಂದು ಸಲ ಧಡ್ ಎಂದು ಇಳಿದು, ಮತ್ತೆ ಹತ್ತಿ, ಮತ್ತೆ ಇಳಿದ ಸದ್ದು ಕೇಳಿಸಿತು. ಆಮೇಲೆ ಸ್ವಲ್ಪ ಹೊತ್ತು ಮೌನ. ಆಮೇಲೆ, ಮದುವೆಯಾದಂದಿನಿಂದ ನನ್ನನ್ನು "ರೀ" ಎಂದಷ್ಟೇ ಕರೆದವಳು, ನನ್ನ ಹೆಸರು ಹಿಡಿದು ಕರೆದಳು.