ಕೈ ಬದಲಿಸು ಅನ್ನಬೇಡಿ

ಇವತ್ತು ಕ್ಲಾಸಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ಬರೆದೇ ಬಿಡುತ್ತೇನೆ.

ಚೀನಾದ ಸುಝೌಗೆ ಬಂದ ಮೇಲೆ ಸಂಜೆ ಹೊತ್ತು ಚೀನೀ ಬರವಣಿಗೆ ಕಲಿಯುತ್ತಿದ್ದೇನೆ, ನಿಮಗೆಲ್ಲ ಗೊತ್ತೇ ಇದೆ. ನನ್ನದು ಎಡಗೈ ಅನ್ನುವುದೂ ಗೊತ್ತು. ಇವತ್ತು ಹೊಸದಾಗಿ ಸೇರಿದ ಒಬ್ಬ ಹುಡುಗ, ಇಲ್ಲಿಯವನೇ, ಎಡಗೈಯಲ್ಲಿ ಕುಂಚ ಎತ್ತಿಕೊಂಡ. ಮೇಡಂ ಸೀದಾ ಬಂದು ಕುಂಚ ತೆಗೆದು ಅವನ ಬಲಗೈಗೆ ಕೊಟ್ಟರು. "ಈ ಅಕ್ಷರಗಳು ಇರುವುದೇ ಬಲಗೈಗೆ" ಅಂದರು. ಬೈಯಲಿಲ್ಲ, ನಗುತ್ತಲೇ ಹೇಳಿದರು. ಹುಡುಗ ತುಟಿ ಬಿಚ್ಚಲಿಲ್ಲ. ಕ್ಲಾಸ್ ಮುಗಿಯುವವರೆಗೂ ಅವನ ಗೆರೆ ನಡುಗುತ್ತಲೇ ಇತ್ತು. ನನಗೆ ನೋಡೋಕಾಗಲಿಲ್ಲ.

ಎಡಗೈಗೆ ಕಷ್ಟ ಇದೆ. ಅದು ಸುಳ್ಳಲ್ಲ. ಚೀನೀ ಅಕ್ಷರದಲ್ಲಿ ಗೆರೆಗಳಿಗೆ ಒಂದು ಕ್ರಮ ಇದೆ. ಮೇಲಿನದು ಮೊದಲು, ಕೆಳಗಿನದು ಆಮೇಲೆ. ಎಡ ಮೊದಲು, ಬಲ ಆಮೇಲೆ. 'ಹೆಂಗ್' ಅನ್ನುವ ಅಡ್ಡಗೆರೆ ಎಡದಿಂದ ಬಲಕ್ಕೇ ಹೋಗಬೇಕು. ಬಲಗೈಯವರು ಅದನ್ನು ಎಳೆಯುತ್ತಾರೆ, ನಾವು ತಳ್ಳುತ್ತೇವೆ. ಇಂಕ್ ಪೆನ್ನಾದರೆ ನಿಬ್ ಕಾಗದಕ್ಕೆ ಚುಚ್ಚುತ್ತದೆ. ಕುಂಚ ವಾಲಿಸಿ ಹಿಡಿದರೆ ಕೂದಲು ಪೊರಕೆಯ ಹಾಗೆ ಹರಡಿಕೊಳ್ಳುತ್ತದೆ. 'ಮಿಂಗ್' ಅಂತ ಒಂದು ಅಕ್ಷರ ಇದೆ, ಎಡಗಡೆ ಸೂರ್ಯ, ಬಲಗಡೆ ಚಂದ್ರ. ಚಂದ್ರನನ್ನು ಬರೆಯುವಾಗ ಸೂರ್ಯ ನನ್ನ ಮುಷ್ಟಿಯ ಅಡಿಯಲ್ಲಿ ಮುಚ್ಚಿಹೋಗಿರುತ್ತಾನೆ. ಎರಡನ್ನೂ ಅಳತೆ ನೋಡಿ ಕೂರಿಸಬೇಕು, ಒಂದು ಕಾಣುವುದೇ ಇಲ್ಲ. ಇನ್ನು ಕೈಬರಹದಲ್ಲಿ ಅಡ್ಡಗೆರೆ ಬಲಕ್ಕೆ ಹೋಗುತ್ತಾ ಒಂಚೂರು ಮೇಲೇರಬೇಕು. ಬಲಗೈ ಮಣಿಕಟ್ಟಿಗೆ ಅದು ತಾನಾಗಿ ಬರುತ್ತದೆ. ನನ್ನದು ಕೆಳಗೇ ಜಾರುತ್ತದೆ.

ಆದರೆ ಇದಕ್ಕೆಲ್ಲ ದಾರಿ ಇದೆ. ಪೆನ್ನಲ್ಲಿ ಬರೆಯುವಾಗ ಹಾಳೆಯ ಎಡ ಮೇಲ್ತುದಿ ಎತ್ತರಕ್ಕೆ ಬರುವ ಹಾಗೆ ಸ್ವಲ್ಪ ತಿರುಗಿಸಿ, ಕೈಯನ್ನು ಸಾಲಿನ ಕೆಳಗೆ ಇಟ್ಟುಕೊಂಡರೆ ಬರೆದದ್ದು ಕಾಣುತ್ತದೆ. ಕುಂಚವನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಿರಿ ಅಂತ ಎಲ್ಲರಿಗೂ ಹೇಳಿಕೊಡುತ್ತಾರೆ. ನೆಟ್ಟಗೆ ನಿಂತ ಕುಂಚ ಯಾವ ಕಡೆಗಾದರೂ ಹೋಗುತ್ತದೆ. ಅಡ್ಡಗೆರೆ ಶುರು ಮಾಡುವುದನ್ನೇ ನೋಡಿ. ತುದಿಯನ್ನು ಮೊದಲು ಒಂಚೂರು ಎಡಕ್ಕೆ ಒತ್ತಿ, ಅಲ್ಲೇ ಮಡಚಿ, ಆಮೇಲೆ ಬಲಕ್ಕೆ ತಿರುಗಿಸಬೇಕು, ಮೊನೆ ಗೆರೆಯೊಳಗೆ ಅಡಗಬೇಕು. ಅಂದರೆ ಬಲಗೈಯವರೂ ಅಲ್ಲಿ ಎದುರು ದಿಕ್ಕಿಗೆ ತಳ್ಳಲೇಬೇಕು. ಎಡಕ್ಕೆ ಇಳಿಯುವ 'ಪಿಯೆ' ಗೆರೆ ನನಗೆ ಸಲೀಸು. ನನ್ನ ಪಕ್ಕದವರು ಅದಕ್ಕೇ ಜಾಸ್ತಿ ಒದ್ದಾಡುತ್ತಾರೆ. ಅವರಿಗೆ ಯಾರೂ ಕೈ ಬದಲಿಸು ಅನ್ನಲ್ಲ, ಅಭ್ಯಾಸ ಮಾಡು ಅನ್ನುತ್ತಾರೆ. ಎಡಗೈಯವರಿಗೂ ಅಷ್ಟೇ ಹೇಳಿದರೆ ಸಾಕಲ್ವಾ?

ಇದನ್ನು ಇದೇ ಸುಝೌದಲ್ಲಿ ಕೂತು ಹೇಳಬೇಕಾಗಿ ಬಂತಲ್ಲ ಅಂತಲೇ ನನಗೆ ಬೇಜಾರು. ಫೆಯ್ ಶಿನ್‌ವೊ (1903–1992) ಇದ್ದದ್ದು ಈ ಊರಲ್ಲಿ. ಐವತ್ತು ದಾಟಿದ ಮೇಲೆ ಅವರ ಬಲಗೈ ಕಾಯಿಲೆಯಿಂದ ಕೆಟ್ಟಿತು. ಎಡಗೈಯಲ್ಲಿ ಮೊದಲಿಂದ ಕಲಿತು ದೇಶದ ದೊಡ್ಡ ಲಿಪಿಕಾರರಲ್ಲಿ ಒಬ್ಬರಾದರು. ಅವರಿಗಿಂತ ಹಿಂದೆ ಗಾವ್ ಫೆಂಗ್‌ಹಾನ್ ಇದ್ದರು. 1737ರಲ್ಲಿ ಬಲಗೈ ಸ್ವಾಧೀನ ತಪ್ಪಿತು, 1749ರಲ್ಲಿ ತೀರಿಕೊಳ್ಳುವ ತನಕ ಬರೆದದ್ದು, ಚಿತ್ರ ಮಾಡಿದ್ದು ಎಡಗೈಯಲ್ಲೇ. ಅವರೆಲ್ಲ ಬಲಗೈಯಲ್ಲಿ ಪಳಗಿದವರು, ವಿಧಿಯಿಲ್ಲದೆ ಎಡಗೈಗೆ ಬಂದರು ಅನ್ನಬಹುದು. ಸರಿ. ಐವತ್ತರ ಮೇಲೆ, ಒಗ್ಗದ ಕೈಗೇ ಅಷ್ಟು ಸಾಧ್ಯ ಆದರೆ, ಹುಟ್ಟಿನಿಂದ ಒಗ್ಗಿದ ಕೈಗೆ ಯಾಕೆ ಸಾಧ್ಯ ಇಲ್ಲ?

ಬಲಗೈಗೇ ಇರುವ ಅಕ್ಷರ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಶತಮಾನಗಳ ಕಾಲ ಚೀನೀ ಬರಹ ಮೇಲಿಂದ ಕೆಳಕ್ಕೆ ಇಳಿಯುತ್ತಿತ್ತು, ಸಾಲುಗಳು ಬಲದಿಂದ ಎಡಕ್ಕೆ ಬರುತ್ತಿದ್ದವು. ಆ ರೀತಿ ಬರೆದು ನೋಡಿ. ಬಲಗೈಯವರ ಕೈ ಹಸಿ ಮಸಿಯ ಕಡೆಗಿರುತ್ತದೆ, ಎಡಗೈಯವರದು ಖಾಲಿ ಕಾಗದದ ಮೇಲೆ. ಗ್ವಾಂಗ್‌ಮಿಂಗ್ ಪತ್ರಿಕೆ ಅಡ್ಡಸಾಲಿಗೆ ಬದಲಾದದ್ದು 1955ರ ಜನವರಿ 1ಕ್ಕೆ, ಪೀಪಲ್ಸ್ ಡೈಲಿ ಮರುವರ್ಷ. ಸಾಲಿನ ದಿಕ್ಕನ್ನೇ ಬದಲಿಸಿದ ದೇಶ ಇದು.

ಗೆರೆಗಳ ಕ್ರಮ ಬಿಡಿ ಅಂತ ನಾನು ಕೇಳುತ್ತಿಲ್ಲ. ಕ್ರಮ ತಪ್ಪಿದರೆ ವೇಗವಾಗಿ ಬರೆದದ್ದನ್ನು ಓದೋಕಾಗಲ್ಲ, ಅಕ್ಷರ ನೆನಪಲ್ಲೂ ನಿಲ್ಲಲ್ಲ. ನಾನು ಒಂದು ಗೆರೆಯ ಕ್ರಮವನ್ನೂ ಬದಲಿಸಿಲ್ಲ. ಆದರೆ ಕ್ರಮ ಬೇರೆ, ಕೈ ಬೇರೆ. ಆ ಕ್ರಮವೂ ಎಲ್ಲ ಕಡೆ ಒಂದೇ ಅಲ್ಲ. ಹೊಲ ಅನ್ನುವ ಅಕ್ಷರದಲ್ಲಿ ಚೌಕದೊಳಗೆ ಚೀನಾದವರು ಅಡ್ಡಗೆರೆ ಮೊದಲು ಎಳೆಯುತ್ತಾರೆ, ಜಪಾನಿನವರು ಉದ್ದಗೆರೆ ಮೊದಲು.

ಕ್ಲಾಸ್ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ ಇಷ್ಟನ್ನೂ ನನ್ನ ಹರುಕುಮುರುಕು ಚೀನೀ ಭಾಷೆಯಲ್ಲೇ ಹೇಳಿದೆ. "ನೀವು ಹೊರದೇಶದವರು, ನಿಮಗೆ ನಡೆಯುತ್ತದೆ. ಅವನು ಪರೀಕ್ಷೆ ಬರೆಯಬೇಕು" ಅಂದರು. ಪರೀಕ್ಷೆಯಲ್ಲಿ ನೋಡುವುದು ಅಕ್ಷರವನ್ನು, ಕೈಯನ್ನಲ್ಲ.

ನನಗೆ ಇಷ್ಟು ಸಿಟ್ಟು ಬರೋಕೆ ಇನ್ನೊಂದು ಕಾರಣ ಇದೆ. ಎಡಗೈಯಲ್ಲಿ ತುತ್ತು ಎತ್ತಿದರೆ ಅಜ್ಜಿ ಕೈ ಮೇಲೆ ಬಾರಿಸುತ್ತಿದ್ದರು. ಊಟ ಬಲಗೈಗೆ ಹೋಯಿತು, ಇವತ್ತಿಗೂ ಅಲ್ಲೇ ಇದೆ. ಶಾಲೆಯಲ್ಲಿ ಬಳಪವನ್ನೂ ಬಲಗೈಗೆ ಕೊಟ್ಟರು. ಆಗ ಅಪ್ಪ ಶಾಲೆಗೆ ಬಂದು, "ಬರೆಯೋ ಕೈ ಅವಳದು, ಬಿಟ್ಬಿಡಿ ಮೇಷ್ಟ್ರೇ" ಅಂದರು. ಅದಾದ ಮೇಲೆ ಯಾರೂ ನನ್ನ ಬಳಪ ಮುಟ್ಟಲಿಲ್ಲ. ಇವತ್ತು ನಾನು ಏನು ಬರೆದರೂ ಅದರ ಹಿಂದೆ ಆ ಮಾತಿದೆ.

ನಿಮ್ಮಲ್ಲಿ ಯಾರಾದರೂ ಎಡಗೈಯಲ್ಲಿ ಚೀನೀ ಅಥವಾ ಜಪಾನೀ ಅಕ್ಷರ ಬರೆಯುವವರು ಇದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಹಾಳೆ ಎಷ್ಟು ತಿರುಗಿಸುತ್ತೀರಿ, ಮೊಣಕೈ ಎಲ್ಲಿಡುತ್ತೀರಿ, ಎಲ್ಲ ಹೇಳಿ. ತಳ್ಳಿದರೂ ಚುಚ್ಚದ ಇಂಕ್ ಪೆನ್ ಗೊತ್ತಿದ್ದರೆ ಅದರ ಹೆಸರನ್ನೂ ಹಾಕಿ.