ಚರ್ಮ ಬ್ಯಾಂಕಿನ ಅರ್ಜಿಯೂ ನಮ್ಮಲ್ಲಿಲ್ಲದ ನೈಟ್ರೋಜನ್ ಟ್ಯಾಂಕೂ

ದಾನವಾಗಿ ಬಂದ ಚರ್ಮ, ಮೂಳೆ, ಕಣ್ಣುಗಳಂಥವನ್ನು ಕಾಪಿಡುವ ಅಂಗಾಂಶ ಬ್ಯಾಂಕಿಗೆ ರಾಜ್ಯದ ಪರವಾನಗಿ ಕೊಡುವ ಮುನ್ನ ತಂಡ ಕಳುಹಿಸಿ ತಪಾಸಣೆ ಮಾಡುವುದನ್ನು ಬಿಟ್ಟು, ಆಸ್ಪತ್ರೆಯಿಂದ ಸ್ವಯಂ ಘೋಷಣೆ ಬರೆಸಿಕೊಂಡರೆ ಸಾಕು ಎಂದು ಆಡಳಿತದಲ್ಲಿರುವ ಗೆಳೆಯರು ಕೆಲವರು ವಾದಿಸುತ್ತಾರೆ. ಇಂಥದೊಂದು ಅರ್ಜಿಯನ್ನು ಸ್ವತಃ ಸಿದ್ಧಪಡಿಸಿ, ತಪಾಸಣೆಯ ದಿನ ತಲೆ ತಗ್ಗಿಸಿ ನಿಂತವನಾಗಿ ನಾನು ಇದನ್ನು ಒಪ್ಪಲಾರೆ.

ಪರವಾನಗಿ ಎನ್ನುವುದು ನಮ್ಮ ಬಾಯಿಮಾತು. ಕಾನೂನು ಅದನ್ನು ನೋಂದಣಿ ಎನ್ನುತ್ತದೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿ ಅಂಗಾಂಶಗಳನ್ನೂ ಅದರ ವ್ಯಾಪ್ತಿಗೆ ತಂದಿತು, 2014ರ ನಿಯಮಗಳು ಅರ್ಜಿಯ ನಮೂನೆಗಳನ್ನು ಗೊತ್ತುಪಡಿಸಿದವು. ನೇತ್ರ ಬ್ಯಾಂಕಿಗೆ 15ನೇ ನಮೂನೆ. ಚರ್ಮ, ಮೂಳೆ, ಹೃದಯದ ಕವಾಟಗಳಂಥ ಉಳಿದೆಲ್ಲಕ್ಕೂ 14ನೇ ನಮೂನೆ. ನಿಯಮದಲ್ಲಿರುವ ಶುಲ್ಕ 10,000 ರೂಪಾಯಿ, ಪ್ರಮಾಣಪತ್ರದ ಅವಧಿ 5 ವರ್ಷ. ರಕ್ತನಿಧಿ ಇದರಲ್ಲಿ ಸೇರುವುದಿಲ್ಲ, ಅದರ ಪರವಾನಗಿ ಔಷಧ ಕಾಯ್ದೆಯಡಿ ಬರುತ್ತದೆ. ಇಷ್ಟನ್ನು ನಮ್ಮ ಲೆಕ್ಕಪತ್ರ ವಿಭಾಗಕ್ಕೆ ಅರ್ಥಮಾಡಿಸಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು.

ನಮ್ಮದು ಚರ್ಮ ಬ್ಯಾಂಕಿನ ಅರ್ಜಿ. ಕೊಠಡಿ, ಸಿಬ್ಬಂದಿ, ಉಪಕರಣಗಳ ವಿವರ ತುಂಬುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಕಾರ್ಯವಿಧಾನವನ್ನು ಲಿಖಿತವಾಗಿ ಕೊಡುವುದು, ಅಂದರೆ ಎಲ್ಲರೂ ಎಸ್‌ಒಪಿ ಎಂದು ಕರೆಯುವ ಆ ದಪ್ಪ ಕಡತ. ಸಮಯವಿಲ್ಲವೆಂದು ಬೇರೊಂದು ಆಸ್ಪತ್ರೆಯವರಿಂದ ಅವರ ಕಡತವನ್ನು ತರಿಸಿಕೊಂಡು, ಹೆಸರು ಬದಲಿಸಿ, ಮುದ್ರೆ ಹೊಡೆದು ಸಲ್ಲಿಸಿಬಿಟ್ಟೆ. ತಪಾಸಣೆಗೆ ಬಂದ ತಂಡದ ಹಿರಿಯ ವೈದ್ಯರೊಬ್ಬರು ಪುಟ ತಿರುವುತ್ತಾ ಒಂದು ಕಡೆ ಬೆರಳಿಟ್ಟು, "ಈ ಲಿಕ್ವಿಡ್ ನೈಟ್ರೋಜನ್ ಟ್ಯಾಂಕ್ ಎಲ್ಲಿಟ್ಟಿದ್ದೀರಿ, ತೋರಿಸ್ತೀರಾ?" ಎಂದು ಕೇಳಿದರು. ಚರ್ಮವನ್ನು ಅತಿಶೀತದಲ್ಲಿಡುವ ಆ ಟ್ಯಾಂಕ್ ಇದ್ದದ್ದು ಕಡತ ಕೊಟ್ಟ ಆಸ್ಪತ್ರೆಯಲ್ಲಿ. ನಮ್ಮಲ್ಲಿದ್ದದ್ದು ಎರಡು ಫ್ರಿಜ್ ಮತ್ತು ಚರ್ಮ ಕೆಡದಂತೆ ಇಡುವ ಗ್ಲಿಸರಾಲ್ ದ್ರವದ ಬಾಟಲಿಗಳು ಮಾತ್ರ. ಅರ್ಜಿ ವಾಪಸ್ ಬಂತು.

ಅಂದು ಅವಮಾನವಾಯಿತು ನಿಜ, ಆದರೆ ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ಸತ್ತವರ ಚರ್ಮವನ್ನು ಸುಮಾರು 6 ಗಂಟೆಯೊಳಗೆ ತೆಗೆಯಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳ ಫಲಿತಾಂಶ ಬರುವವರೆಗೆ ಅದನ್ನು ಬೇರೆಯಾಗಿಯೇ ಇಡಬೇಕು. ಬಳಿಕ ಶೇ 85ರ ಗ್ಲಿಸರಾಲ್‌ನಲ್ಲಿ, 4ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಅದು ವರ್ಷಗಟ್ಟಲೆ ಬಳಕೆಗೆ ಬರುತ್ತದೆ. ಮೈಯ ಅರ್ಧಭಾಗ ಸುಟ್ಟು ಮಲಗಿರುವ ರೋಗಿಗೆ ಅದು ಕೆಲವು ವಾರಗಳ ತಾತ್ಕಾಲಿಕ ಹೊದಿಕೆ. ಸೋಂಕನ್ನೂ ದೇಹದ ದ್ರವ ಸೋರಿಹೋಗುವುದನ್ನೂ ತಡೆದು, ಸ್ವಂತ ಚರ್ಮದ ಕಸಿಗೆ ಸಮಯ ಗಳಿಸಿಕೊಡುತ್ತದೆ. ಪರೀಕ್ಷೆ ಮುಗಿಯದ ಬಾಟಲಿ, ಬಳಕೆಗೆ ಬಿಟ್ಟ ಬಾಟಲಿ, ತಿರಸ್ಕರಿಸಿದ ಬಾಟಲಿ ಇವು ಒಂದೇ ಕಡೆ ಸೇರಬಾರದೆಂದು ನಿಯಮ ಹೇಳುವುದು ಇದಕ್ಕಾಗಿಯೇ. ಸ್ವಯಂ ಘೋಷಣೆಯ ಹಾಳೆ ಫ್ರಿಜ್ಜಿನ ಬಾಗಿಲು ತೆರೆದು ನೋಡುವುದಿಲ್ಲವಲ್ಲ!

ಜನರ ನಂಬಿಕೆಯ ಪ್ರಶ್ನೆಯೂ ಇದೆ. ರಾಜಕುಮಾರ್ ಮತ್ತು ಪುನೀತ್ ಅವರ ಕಣ್ಣುಗಳು ದಾನವಾದ ಮೇಲೆ ನೇತ್ರದಾನ ನಮ್ಮಲ್ಲಿ ಮನೆಮಾತಾಗಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲೇ ಚರ್ಮ ಬ್ಯಾಂಕ್ ಶುರುವಾಗಿದ್ದರೂ, ಚರ್ಮದಾನವೆಂದರೆ ಹೆಣ ಸುಲಿಯುತ್ತಾರೆಂಬ ಭಯ ಇನ್ನೂ ಹೋಗಿಲ್ಲ. ಡರ್ಮಟೋಮ್ ಎಂಬ ಉಪಕರಣ ತೆಗೆಯುವುದು ತೊಡೆ, ಕಾಲು, ಬೆನ್ನಿನ ತೆಳು ಮೇಲ್ಪದರವನ್ನಷ್ಟೇ. ಇದನ್ನು ದುಃಖದಲ್ಲಿರುವ ಕುಟುಂಬಕ್ಕೆ ಹೇಳಿ ಒಪ್ಪಿಸುವವರ ಕೈಯಲ್ಲಿ ಸರ್ಕಾರದ ಪ್ರಮಾಣಪತ್ರವಾದರೂ ಇರಲಿ.

ಗೆಳೆಯರ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಕೊರತೆಗಳನ್ನೆಲ್ಲ ಒಂದೇ ಪತ್ರದಲ್ಲಿ ತಿಳಿಸದೆ ಕಂತಿನಲ್ಲಿ ಕೇಳುವುದು, ತಂಡ ಬರುವ ದಿನವನ್ನು ಮತ್ತೆ ಮತ್ತೆ ಮುಂದೂಡುವುದು ನಮಗೂ ಸಾಕುಸಾಕಾಯಿತು. ಅದಕ್ಕೆ ಕಾಲಮಿತಿ ಬೇಕು, ಖಂಡಿತ ಬೇಕು. ತಪಾಸಣೆಯನ್ನೇ ತೆಗೆದುಹಾಕಿ ಎನ್ನುವುದು ಬೇರೆ ಮಾತು.

ಎರಡನೆಯ ಸಲ ಕಡತವನ್ನು ನಾನು ಬರೆಯಲಿಲ್ಲ. ಆ ಕೊಠಡಿಯಲ್ಲಿ ಕೆಲಸ ಮಾಡುವ ಸಿಸ್ಟರ್ ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ. ನಲವತ್ತು ಪುಟವಿದ್ದದ್ದು ಹದಿನಾರಕ್ಕೆ ಇಳಿಯಿತು. ಮತ್ತೆ ಬಂದ ಅದೇ ವೈದ್ಯರು ಅದನ್ನು ತೆರೆಯಲೇ ಇಲ್ಲ. "ಸಿಸ್ಟರ್, ರಾತ್ರಿ ಕರೆಂಟ್ ಹೋದ್ರೆ ಏನ್ಮಾಡ್ತೀರಿ?" ಎಂದರು. ಸಿಸ್ಟರ್ ಗೋಡೆಗೆ ನೇತುಹಾಕಿದ್ದ ತಾಪಮಾನದ ಪುಸ್ತಕವನ್ನು ಅವರ ಕೈಗಿತ್ತು, "ಮೊನ್ನೆ ಹೋಗಿತ್ತು ಸರ್, ಬರೆದಿದ್ದೀನಿ ನೋಡಿ" ಎಂದರು.